ಅಣಬೆ ಕೋಣೆಗೆ ಯಾವ ಫ್ಯಾನು, ಎಷ್ಟು ಮಂಜು

ಚಿಪ್ಪು ಅಣಬೆಗೆಂದು ಮನೆಯಲ್ಲೊಂದು ಕೋಣೆ ಬಿಡಿಸಿಕೊಂಡವರು ಮೊದಲು ಕೊಳ್ಳುವುದು ಹ್ಯುಮಿಡಿಫೈಯರ್. ಫ್ಯಾನಿನ ನೆನಪಾಗುವುದು ಆಮೇಲೆ. ಅಡುಗೆಮನೆಗೆ ಹಾಕಿದಂಥದ್ದೇ ಒಂದು ಎಕ್ಸಾಸ್ಟ್ ತಂದು, ಗೋಡೆಗೆ ತೂತು ಹೊಡೆದು ಕೂರಿಸಿದರೆ ಕೆಲಸ ಮುಗಿಯಿತೆಂದು ಲೆಕ್ಕ. ಈ ಕ್ರಮವೇ ತಲೆಕೆಳಗು. ಕೋಣೆಗೆ ಗಂಟೆಗೆ ಎಷ್ಟು ಹೊಸ ಗಾಳಿ ಬೇಕು ಎನ್ನುವುದು ಮೊದಲು ಗೊತ್ತಾಗಬೇಕು. ಆ ಗಾಳಿಯನ್ನು ಒದ್ದೆ ಮಾಡಲು ಎಷ್ಟು ನೀರು ಬೇಕು ಎನ್ನುವುದು ಅದರಿಂದ ತಾನಾಗಿಯೇ ಹೊರಡುತ್ತದೆ. ಈ ಎರಡು ಸಂಖ್ಯೆ ಕೈಯಲ್ಲಿಲ್ಲದೆ ಅಂಗಡಿಗೆ ಹೋದರೆ ಅಂಗಡಿಯವನ ಹತ್ತಿರ ಏನಿದೆಯೋ ಅದೇ ಮನೆಗೆ ಬರುತ್ತದೆ.

ಈಗ ಬೆಂಗಳೂರಿನ ಎಸ್.ಪಿ. ರೋಡು, ಎಸ್.ಜೆ.ಪಿ. ರೋಡುಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ಫ್ಯಾನು, ಮಂಜಿನ ಯಂತ್ರ, ಕಂಟ್ರೋಲರ್‌ಗಳಲ್ಲಿ ಅಣಬೆ ಕೋಣೆಯ ಮಟ್ಟಿಗೆ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ದಂಡ ಎಂದು ನೋಡೋಣ. ಲೆಕ್ಕಕ್ಕೆ ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಸಾಮಾನ್ಯ ಕೋಣೆಯನ್ನೇ ಇಟ್ಟುಕೊಳ್ಳೋಣ.

ಮೊದಲು ಗಾಳಿಯ ಲೆಕ್ಕ

10 × 10 × 9 ಅಂದರೆ 900 ಘನ ಅಡಿ. ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ, ಹಾಗಾಗಿ ನಮ್ಮ ಕೋಣೆ 25.5 ಘನ ಮೀಟರ್. ಅಣಬೆ ಮೊಳೆತು ಟೋಪಿ ಬಿಡಿಸುವ ಹಂತದಲ್ಲಿ ಕೋಣೆಯ ಗಾಳಿ ಗಂಟೆಗೆ ನಾಲ್ಕರಿಂದ ಆರು ಬಾರಿ ಬದಲಾಗಬೇಕು. ಆರು ಬಾರಿ ಎಂದಿಟ್ಟುಕೊಂಡರೆ ಗಂಟೆಗೆ ಸರಿಸುಮಾರು 150 ಘನ ಮೀಟರ್. ಫ್ಯಾನಿನ ಡಬ್ಬದ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಎಂದು ಬರೆದಿದ್ದರೆ 1.7ರಿಂದ ಗುಣಿಸಿ ಗಂಟೆಯ ಘನ ಮೀಟರಿಗೆ ತನ್ನಿ. ನಮಗೆ ಬೇಕಾದದ್ದು ಸುಮಾರು 90 ಸಿಎಫ್‌ಎಂ.

ಇದು ಬೆಳೆ ಬರುವ ಕೋಣೆಯ ಲೆಕ್ಕ. ಬೀಜ ಹಾಕಿದ ಚೀಲಗಳು ಬೆಳ್ಳಗೆ ಕವಕಜಾಲ, ಅಂದರೆ ಅಣಬೆಯ ಎಳೆಗಳ ಬಲೆ, ಕಟ್ಟಿಕೊಳ್ಳುವ ಮೊದಲ 15–20 ದಿನಕ್ಕೆ ಇದು ಅನ್ವಯಿಸದು. ಆಗ ಕತ್ತಲು, 24ರಿಂದ 28 ಡಿಗ್ರಿ ಬಿಸಿ ಇದ್ದರೆ ಸಾಕು. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೂ ಕವಕ ತಲೆಕೆಡಿಸಿಕೊಳ್ಳುವುದಿಲ್ಲ, ಫ್ಯಾನು ಬೇಕೇ ಇಲ್ಲ ಎನ್ನಬಹುದು. ಟೋಪಿ ಬರುವಾಗ ಮಾತ್ರ ಅದು 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಒಳಗಿರಬೇಕು. ಎರಡೂ ಹಂತದ ಚೀಲಗಳನ್ನು ಒಂದೇ ಕೋಣೆಯಲ್ಲಿ ತೂಗುಹಾಕಿದವರಿಗೆ ಯಾವ ಫ್ಯಾನು ತಂದರೂ ಸಮಾಧಾನವಿಲ್ಲ. ನಡುವೆ ಒಂದು ಪಾಲಿಥೀನ್ ಪರದೆಯಾದರೂ ಇರಲಿ.

ಮೀಟರ್ ಇಲ್ಲದಿದ್ದರೂ ಅಣಬೆಯೇ ಹೇಳುತ್ತದೆ. ತೊಟ್ಟು ಉದ್ದವಾಗಿ ಎಳೆದುಕೊಂಡು ಟೋಪಿ ಗುಂಡಿಯಷ್ಟೇ ಉಳಿದರೆ ಗಾಳಿ ಸಾಲುತ್ತಿಲ್ಲ. ಮೊಗ್ಗುಗಳು ಹಳದಿ ತಿರುಗಿ ಒಣಗಿದರೆ, ಟೋಪಿಯ ಅಂಚು ಸೀಳಿದರೆ ತೇವ ಸಾಲುತ್ತಿಲ್ಲ, ಇಲ್ಲವೇ ಫ್ಯಾನಿನ ಗಾಳಿ ನೇರವಾಗಿ ಚೀಲಕ್ಕೆ ಬಡಿಯುತ್ತಿದೆ. ಟೋಪಿಯ ಮೇಲೆ ಹಳದಿ-ಕಂದು ಬಣ್ಣದ ಲೋಳೆ ಕಲೆ ಬಂದರೆ ಅದು ಬ್ಯಾಕ್ಟೀರಿಯಾ. ಟೋಪಿಯ ಮೇಲೆ ನೀರು ಪೊರೆಯಾಗಿ ನಿಂತು, ಆರಲು ಗಾಳಿಯಾಡದೆ ಬರುವ ರೋಗ. ಇದನ್ನು ತೇವದ ಕೊರತೆ ಎಂದು ತಪ್ಪು ತಿಳಿದು ಇನ್ನಷ್ಟು ನೀರು ಹೊಡೆಯುವವರೇ ಹೆಚ್ಚು.

ಅಡುಗೆಮನೆಯ ಆರಿಂಚಿನ ಎಕ್ಸಾಸ್ಟ್

ಎಲ್ಲರಿಗೂ ಸುಲಭವಾಗಿ ಕೈಗೆ ಸಿಗುವುದು ಇದು. 150 ಮಿಲಿಮೀಟರ್ ರೆಕ್ಕೆ, ಡಬ್ಬದ ಮೇಲೆ ಗಂಟೆಗೆ 250–300 ಘನ ಮೀಟರ್ ಎಂದು ಬರೆದಿರುತ್ತದೆ. ನಮಗೆ ಬೇಕಾದದ್ದರ ಎರಡು ಪಟ್ಟು, ಧಾರಾಳವಾಯಿತು ಎನಿಸುತ್ತದೆ. ಆದರೆ ಆ ಸಂಖ್ಯೆ ಎದುರಿಗೆ ಏನೂ ಅಡ್ಡಿಯಿಲ್ಲದ ಬಯಲಿನಲ್ಲಿ ಅಳೆದದ್ದು. ರೆಕ್ಕೆಯ ಫ್ಯಾನುಗಳಿಗೆ ಒತ್ತಡ ತಡೆಯುವ ಶಕ್ತಿ ಕಡಿಮೆ, ಅಬ್ಬಬ್ಬಾ ಎಂದರೆ 30–50 ಪಾಸ್ಕಲ್. ನೊಣ ತಡೆಯುವ ಸಣ್ಣ ಕಣ್ಣಿನ ಬಲೆ, ಹಿಂದೊಂದು ಮುಚ್ಚಳದ ಪಟ್ಟಿ, ಒಳಗಾಳಿ ಬರಲು ಇಕ್ಕಟ್ಟಾದ ಕಿಂಡಿ, ಇಷ್ಟು ಸೇರಿದರೆ ಡಬ್ಬದ ಸಂಖ್ಯೆಯಲ್ಲಿ ಅರ್ಧ ಉಳಿದರೆ ಪುಣ್ಯ. ಅರ್ಧ ಎಂದು ಹಿಡಿದರೂ 125–150. ಹತ್ತಡಿ ಕೋಣೆಗೆ ಅಲ್ಲಿಗಲ್ಲಿಗೆ ಸರಿಹೋಯಿತು, ಆದರೆ ಬಿಡುವಿಲ್ಲದೆ ಓಡಬೇಕಾಗುತ್ತದೆ.

ಇದರ ನಿಜವಾದ ಕಷ್ಟ ಗಾಳಿಯದ್ದಲ್ಲ, ಮೋಟಾರಿನದ್ದು. ಕೋಣೆಯ ಒದ್ದೆ ಗಾಳಿಯೆಲ್ಲ ಮೋಟಾರಿನ ಮೈಮೇಲೆಯೇ ಹಾದು ಹೊರಗೆ ಹೋಗುತ್ತದೆ. ಜೊತೆಗೆ ಅಣಬೆಯ ಬೀಜಕಣ. ಇವೆರಡೂ ಕಲೆತು ರೆಕ್ಕೆಯ ಅಂಚಿಗೂ ದಂಡ ತಿರುಗುವ ಬುಷ್‌ಗೂ ಅಂಟಿನಂತೆ ಹತ್ತುತ್ತವೆ. ರೆಕ್ಕೆಯ ತೂಕ ಒಂದು ಕಡೆಗೆ ವಾಲಿ ಸದ್ದು ಶುರುವಾಗುತ್ತದೆ, ಆಮೇಲೆ ಬುಷ್ ಬಿಗಿಯಾಗಿ ಫ್ಯಾನು ಗುಂಯ್ ಎನ್ನುತ್ತಾ ತಿರುಗದೆ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಗಮನಿಸದಿದ್ದರೆ ಕಾಯಿಲ್ ಸುಡುತ್ತದೆ. ಕೊಳ್ಳುವುದಾದರೆ ಬಾಲ್ ಬೇರಿಂಗ್ ಇರುವುದನ್ನೇ ಕೇಳಿ. ವಾರಕ್ಕೊಮ್ಮೆ ಸ್ವಿಚ್ ಆರಿಸಿ ರೆಕ್ಕೆ ಒರೆಸುವುದು ತಪ್ಪುವಂತಿಲ್ಲ. ಸಣ್ಣದಾಗಿ ಶುರುಮಾಡುವವರಿಗೆ ಪರವಾಗಿಲ್ಲ, ವರ್ಷಗಟ್ಟಲೆ ಬಾಳುತ್ತದೆಂದು ನೆಚ್ಚುವಂಥದ್ದಲ್ಲ.

ಹನ್ನೆರಡು ಇಂಚಿನ ಕಬ್ಬಿಣದ ಫ್ಯಾನು

'ದೊಡ್ಡದೇ ಇರಲಿ ಸಾರ್' ಎಂದು ಅಂಗಡಿಯಲ್ಲಿ ಕೈಗಿಡುವುದು ಇದನ್ನು. ಗಂಟೆಗೆ 1500 ಘನ ಮೀಟರಿಗೂ ಮೇಲೆ ಎಳೆಯುವ ಫ್ಯಾನು. ನಮ್ಮ ಕೋಣೆಯ 25 ಘನ ಮೀಟರನ್ನು ಒಂದೇ ನಿಮಿಷದಲ್ಲಿ ಹೊರಗೆ ದಬ್ಬುತ್ತದೆ. ಗಂಟೆಗಟ್ಟಲೆ ಕಟ್ಟಿದ ತೇವವೂ ಅದರ ಜೊತೆ ಹೊರಟುಹೋಗುತ್ತದೆ. ಟೈಮರ್ ಹಾಕಿ ಅರ್ಧ ಗಂಟೆಗೆ ಎರಡು-ಮೂರು ನಿಮಿಷ ಓಡಿಸಬಹುದು, ಆದರೆ ಆ ಎರಡು ನಿಮಿಷ ಕೋಣೆಯಲ್ಲಿ ಬೀಸುವ ಬಿರುಗಾಳಿಗೆ ಬಾಗಿಲ ಹತ್ತಿರದ ಚೀಲಗಳ ಮೊಗ್ಗು ಒಣಗುತ್ತದೆ. 20 × 40 ಅಡಿಯ ಶೆಡ್ಡಿಗೆ ಸರಿ. ಮನೆಯ ಕೋಣೆಗೆ ಬೇಡವೇ ಬೇಡ.

ಪೈಪಿನ ನಡುವೆ ಕೂರುವ ಇನ್‌ಲೈನ್ ಫ್ಯಾನು

ಹಣ ಹಾಕುವುದಿದ್ದರೆ ಇದಕ್ಕೆ ಹಾಕಿ. ದುಂಡನೆಯ ಪೈಪಿನ ನಡುವೆ ಜೋಡಿಸುವ, ಮಿಕ್ಸ್‌ಡ್ ಫ್ಲೋ ಎಂದು ಕರೆಯುವ ಜಾತಿ. ನಾಲ್ಕಿಂಚಿನದು ಗಂಟೆಗೆ 180 ಘನ ಮೀಟರಿನ ಆಸುಪಾಸು, ಆರಿಂಚಿನದು 500ರ ಆಸುಪಾಸು. ಅಡುಗೆಮನೆಯ ಫ್ಯಾನಿಗಿಂತ ಇದರ ಹೆಚ್ಚುಗಾರಿಕೆ ಒತ್ತಡದಲ್ಲಿ. ನೂರು ಪಾಸ್ಕಲ್ ಎದುರಾದರೂ ಗಾಳಿ ಸಾಗಿಸುತ್ತದೆ. ಅಂದರೆ ಮುಂದೆ ಫಿಲ್ಟರ್, ಹಿಂದೆ ಹತ್ತಡಿ ಪೈಪ್, ಒಂದೆರಡು ಬೆಂಡ್ ಇದ್ದರೂ ಅಣಬೆಗೆ ಗಾಳಿ ತಲುಪುತ್ತದೆ.

ಹತ್ತಡಿ ಕೋಣೆಗೆ ನಾಲ್ಕಿಂಚಿನದೋ ಆರಿಂಚಿನದೋ ಎಂದರೆ ಆರಿಂಚಿನದು. ನಾಲ್ಕಿಂಚಿನದರ 180ರಲ್ಲಿ ಫಿಲ್ಟರ್ ಕಳೆದರೆ 150 ಉಳಿಯುವುದು ಅನುಮಾನ. ಆರಿಂಚಿನದನ್ನು ಕಡಿಮೆ ವೇಗದಲ್ಲಿ ಓಡಿಸಿದರೆ ಸದ್ದೂ ಕಡಿಮೆ, ಬೇರಿಂಗಿಗೆ ಆಯಸ್ಸೂ ಹೆಚ್ಚು. ವೇಗ ಇಳಿಸುವ ವಿಷಯದಲ್ಲಿ ಒಂದು ಎಚ್ಚರಿಕೆ. ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಇದಕ್ಕೆ ಸಿಕ್ಕಿಸಬೇಡಿ. ಸಾಧಾರಣ ಮೋಟಾರ್ ತೀರಾ ಕಡಿಮೆ ವೇಗದಲ್ಲಿ ಗುನುಗುತ್ತಾ ಬಿಸಿಯಾಗುತ್ತದೆ, ಕರೆಂಟು ಹೋಗಿ ಬಂದಾಗ ತಾನಾಗಿ ತಿರುಗಲು ಶುರುಮಾಡದೆಯೂ ಇರಬಹುದು. ಕಾರ್ಖಾನೆಯಿಂದಲೇ ಎರಡು ವೇಗದ ತಂತಿ ಕೊಟ್ಟಿರುವುದು, ಇಲ್ಲವೇ ವೇಗವನ್ನು ಒಳಗಿನ ಎಲೆಕ್ಟ್ರಾನಿಕ್ಸೇ ನೋಡಿಕೊಳ್ಳುವ ಬಿಎಲ್‌ಡಿಸಿ ಅಥವಾ ಇಸಿ ಮೋಟಾರಿನದು ಉತ್ತಮ. 40 ವ್ಯಾಟಿನ ಫ್ಯಾನು ಹಗಲಿರುಳು ಓಡಿದರೂ ದಿನಕ್ಕೆ ಒಂದು ಯೂನಿಟ್ ಮುಟ್ಟುವುದಿಲ್ಲ.

ಬಾತ್‌ರೂಮಿಗೆ ಹಾಕುವ ನಾಲ್ಕಿಂಚಿನ ಪ್ಲಾಸ್ಟಿಕ್ ಫ್ಯಾನು ಗಂಟೆಗೆ 80–100 ಘನ ಮೀಟರ್ ಕೊಡುತ್ತದೆ. ಆರಡಿಗೆ ಆರಡಿಯ, ಎಂಟಡಿ ಎತ್ತರದ ಗೂಡಿಗೆ ಬೇಕಾದದ್ದು 50 ಅಷ್ಟೇ, ಹಾಗಾಗಿ ಅಷ್ಟು ಚಿಕ್ಕ ಜಾಗಕ್ಕೆ ಇದು ತಕ್ಕದ್ದು. ಕಂಪ್ಯೂಟರಿನ 12 ವೋಲ್ಟ್ ಫ್ಯಾನು ಪ್ಲಾಸ್ಟಿಕ್ ಡ್ರಮ್ಮು, ಟೆಂಟುಗಳಿಗೆ ಸಾಕು, ಅದರಾಚೆಗಿಲ್ಲ. ಶಂಖದಾಕಾರದ ಬ್ಲೋವರ್ ಬೇಕಾಗುವುದು ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಕಡೆ. ಹೆಪಾ ದಾಟಲು 250 ಪಾಸ್ಕಲಿನಷ್ಟು ಒತ್ತಡ ಬೇಕು. ಬೀಜ ತಯಾರಿಸುವ ಲ್ಯಾಬಿಗೆ ಅದು ಅಗತ್ಯ. ಬೆಳೆ ಕೋಣೆಗೆ ಹೆಪಾ ಹಾಕಿಸುವುದು ದುಡ್ಡೂ ಗಾಳಿಯೂ ಎರಡೂ ದಂಡ.

ಎಳೆಯುವುದೋ, ತಳ್ಳುವುದೋ

ಬಹುತೇಕರು ಕೊಳ್ಳುವಾಗ ಯೋಚಿಸದ ಪ್ರಶ್ನೆ ಇದು. ಫ್ಯಾನಿನ ಆಯಸ್ಸೂ ಬೆಳೆಯ ಆರೋಗ್ಯವೂ ಇದರ ಮೇಲೇ ನಿಂತಿದೆ. ಒಳಗಾಳಿಯನ್ನು ಹೊರಗೆ ಎಳೆದರೆ ಕೋಣೆಯೊಳಗೆ ಒತ್ತಡ ತಗ್ಗಿ, ಬಾಗಿಲ ಸಂದು, ಹೆಂಚಿನ ಸಂದು, ತಂತಿಯ ತೂತು, ಎಲ್ಲಿಂದ ಸಾಧ್ಯವೋ ಅಲ್ಲಿಂದೆಲ್ಲ ಹೊರಗಾಳಿ ನುಗ್ಗುತ್ತದೆ. ಅದರ ಜೊತೆ ಅಣಬೆಯ ನೊಣ, ಹಸಿರು ಬೂಷ್ಟಿನ ಕಣ. ಫಿಲ್ಟರ್ ಎಲ್ಲಿ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಗಾಳಿ ಫಿಲ್ಟರಿನ ದಾರಿ ಹಿಡಿಯುವುದಿಲ್ಲ. ಅದೇ ಫ್ಯಾನನ್ನು ತಿರುಗಿಸಿ ಹೊರಗಿನ ಗಾಳಿಯನ್ನು ಫಿಲ್ಟರಿನ ಮೂಲಕ ಒಳಗೆ ತಳ್ಳಿದರೆ ಸಂದುಗಳಿಂದ ಗಾಳಿ ಹೊರಕ್ಕೆ ಹೋಗುತ್ತದೆ, ಒಳಕ್ಕೆ ಬರುವುದಿಲ್ಲ. ಮೋಟಾರಿನ ಮೇಲೆ ಹಾಯುವುದು ಒಣ, ಶುದ್ಧ ಗಾಳಿ. ಬುಷ್ ಬಿಗಿಯಾಗುವ ಮಾತೇ ಇಲ್ಲ.

ಶೆಡ್ಡು ಮನೆಯಿಂದ ಬೇರೆಯಾಗಿದ್ದರೆ ತಳ್ಳುವುದೇ ಸರಿ. ಮನೆಯೊಳಗಿನ ಕೋಣೆಯಾದರೆ ಮಾತು ಬೇರೆ. ತಳ್ಳಿದ ಗಾಳಿ ಬಾಗಿಲ ಸಂದಿನಿಂದ ನಡುಮನೆಗೆ ಬೀಜಕಣವನ್ನೂ ತೇವವನ್ನೂ ಹೊತ್ತು ತರುತ್ತದೆ. ಚಿಪ್ಪು ಅಣಬೆಯ ಬೀಜಕಣ ಅಲರ್ಜಿ ತರುವಂಥದ್ದು, ದಿನವೂ ಉಸಿರಾಡಿದವರಿಗೆ ಶ್ವಾಸಕೋಶದ ಊತ ಬರುವುದುಂಟು. ಅಂಥಲ್ಲಿ ಫ್ಯಾನು ಬೇಗ ಕೆಟ್ಟರೂ ಚಿಂತೆಯಿಲ್ಲ, ಎಳೆದು ಹೊರಗೆ ಬಿಡುವುದೇ ಒಳ್ಳೆಯದು. ಹೊರಗೆ ಬಿಡುವ ಬಾಯಿ ಪಕ್ಕದ ಮನೆಯ ಕಿಟಕಿಯ ಎದುರಿಗೆ ಬೇಡ.

ತಳ್ಳುವ ಜೋಡಣೆ ಹೀಗೆ: ಹೊರಗೋಡೆಯಲ್ಲಿ 40 ಮೆಶ್ (ಇಂಚಿಗೆ 40 ಕಣ್ಣು) ನೊಣದ ಬಲೆ, ಅದರ ಹಿಂದೆ ದಪ್ಪ ಧೂಳು ತಡೆಯುವ, ತೊಳೆಯಬಹುದಾದ ಜಿ-4 ದರ್ಜೆಯ ಫಿಲ್ಟರ್, ಆಮೇಲೆ ಆರಿಂಚಿನ ಇನ್‌ಲೈನ್ ಫ್ಯಾನು, ಅಲ್ಲಿಂದ ಸೂರಿನುದ್ದಕ್ಕೂ ಆರಿಂಚಿನ ಪಾಲಿಥೀನ್ ಕೊಳವೆ. ಬಲೆ ಮತ್ತು ಫಿಲ್ಟರಿನ ಚೌಕಟ್ಟು ಫ್ಯಾನಿನ ಬಾಯಿಯ ಮೂರು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಅಲ್ಲೇ ಗಾಳಿ ಉಸಿರುಕಟ್ಟುತ್ತದೆ. ಕೊಳವೆಯ ಕೊನೆಯನ್ನು ಗಂಟು ಹಾಕಿ, ಕೆಳಬದಿಯ ಎಡಬಲಗಳಲ್ಲಿ, ಗಡಿಯಾರದ ನಾಲ್ಕು ಮತ್ತು ಎಂಟರ ಜಾಗದಲ್ಲಿ ಎರಡು ಸಾಲು ತೂತು. ತೂತುಗಳ ಒಟ್ಟು ವಿಸ್ತೀರ್ಣ ಕೊಳವೆಯ ಬಾಯಿಯಷ್ಟಿರಬೇಕು. ಹದಿನೈದು ಸೆಂಟಿಮೀಟರ್ ಕೊಳವೆಯ ಬಾಯಿ 177 ಚದರ ಸೆಂಟಿಮೀಟರ್, ಎರಡು ಸೆಂಟಿಮೀಟರಿನ ಒಂದು ತೂತು 3.14. ಅಂದರೆ 56 ತೂತು, ಸಾಲಿಗೆ 28, ಹತ್ತಡಿಯಲ್ಲಿ ಸುಮಾರು ಹತ್ತು ಸೆಂಟಿಮೀಟರಿಗೊಂದು. ತೂತು ಕಡಿಮೆಯಾದರೆ ಒಂದೊಂದರಿಂದಲೂ ಚಾಕುವಿನಂತೆ ಗಾಳಿ ಹೊರಟು ಎದುರಿನ ಚೀಲ ಒಣಗುತ್ತದೆ. ಹೆಚ್ಚಾದರೆ ಕೊಳವೆ ಉಬ್ಬದೆ ಜೋತುಬೀಳುತ್ತದೆ.

ಗಾಳಿ ಹೊರಹೋಗುವ ಕಿಂಡಿ ಎದುರಿನ ಗೋಡೆಯಲ್ಲಿ, ನೆಲಕ್ಕೆ ಹತ್ತಿರ ಇರಲಿ. ಇಂಗಾಲದ ಡೈಆಕ್ಸೈಡ್ ಭಾರ, ನೆಲದಲ್ಲಿ ಕೂರುತ್ತದೆ, ಅದಕ್ಕೆ ಕಿಂಡಿ ಕೆಳಗಿರಬೇಕು ಎಂದು ಹೇಳುವವರುಂಟು. ಗಾಳಿಯಾಡುವ ಕೋಣೆಯಲ್ಲಿ ಅದು ಹಾಗೆ ಕೆರೆಯಂತೆ ನಿಲ್ಲುವುದಿಲ್ಲ, ಬೆರೆತೇ ಇರುತ್ತದೆ. ಕಿಂಡಿ ಕೆಳಗೆ, ಎದುರು ಮೂಲೆಯಲ್ಲಿ ಬೇಕಾಗುವುದಕ್ಕೆ ಕಾರಣ ಬೇರೆ: ಮೇಲಿಂದ ಬಂದ ಹೊಸ ಗಾಳಿ ಚೀಲಗಳ ನಡುವೆ ಸುತ್ತಿಯೇ ಹೊರಗೆ ಹೋಗಬೇಕು, ಬಂದ ದಾರಿಗೆ ಸುಂಕವಿಲ್ಲ ಎಂದು ನೇರವಾಗಿ ಹೊರಟುಬಿಡಬಾರದು.

ಇನ್ನು ನೀರು

ಬೆಂಗಳೂರಿನ ಮಾರ್ಚ್ ಮಧ್ಯಾಹ್ನ. ಹೊರಗೆ 33 ಡಿಗ್ರಿ, ತೇವಾಂಶ ಶೇಕಡಾ 30. ಅಂಥ ಗಾಳಿಯ ಒಂದು ಘನ ಮೀಟರಿನಲ್ಲಿರುವ ನೀರಾವಿ ಸುಮಾರು 10.7 ಗ್ರಾಂ. ಕೋಣೆಯೊಳಗೆ 25 ಡಿಗ್ರಿಯಲ್ಲಿ ಶೇಕಡಾ 85 ಬೇಕೆಂದರೆ 19.6 ಗ್ರಾಂ ಇರಬೇಕು. ವ್ಯತ್ಯಾಸ 9 ಗ್ರಾಂ. ಗಂಟೆಗೆ 150 ಘನ ಮೀಟರ್ ಹೊಸ ಗಾಳಿ ಒಳಗೆ ಬರುತ್ತಿದ್ದರೆ ಗಂಟೆಗೆ 1350 ಗ್ರಾಂ, ಅಂದರೆ ಒಂದೂಕಾಲು ಲೀಟರಿಗೂ ಹೆಚ್ಚು ನೀರು ಗಾಳಿಯಲ್ಲಿ ಕರಗಬೇಕು.

ಈ ಸಂಖ್ಯೆ ಹಿಡಿದು ಮೇಜಿನ ಮೇಲಿಡುವ ಮನೆಬಳಕೆಯ ಹ್ಯುಮಿಡಿಫೈಯರಿನ ಡಬ್ಬ ಓದಿ. ಗಂಟೆಗೆ 250–300 ಮಿಲಿಲೀಟರ್ ಎಂದಿರುತ್ತದೆ. ಐದು ಕೊಂಡರೆ ಒಂದು ಕೋಣೆಗಾಯಿತು. ಮಗು ಮಲಗುವ ಕೋಣೆಗೆ ಮಾಡಿದ ವಸ್ತು ಅದು, ಅಲ್ಲಿ ಬಾಗಿಲು ಮುಚ್ಚಿರುತ್ತದೆ. 'ಹ್ಯುಮಿಡಿಫೈಯರ್ ಹಗಲಿಡೀ ಓಡಿದರೂ 60 ದಾಟುತ್ತಿಲ್ಲ' ಎಂಬ ದೂರಿನ ಮೂಲ ಬಹುಮಟ್ಟಿಗೆ ಇಲ್ಲೇ ಇದೆ. ಫ್ಯಾನು ಆರಿಸಿಬಿಡುವುದು ಎಲ್ಲರಿಗೂ ಹೊಳೆಯುವ ಉಪಾಯ. ತೇವ ಏರುತ್ತದೆ ನಿಜ, ಮೂರನೇ ದಿನ ತೊಟ್ಟು ಉದ್ದವಾಗುತ್ತದೆ.

ಹತ್ತು ತಲೆಯ ಅಲ್ಟ್ರಾಸಾನಿಕ್ ಮಿಸ್ಟ್ ಮೇಕರ್ ಇಲ್ಲಿ ಸರಿಯಾದ ಅಳತೆ. ಒಂದೊಂದು ತಲೆಯಲ್ಲೂ ಇರುವ ಕಂಪಿಸುವ ಬಿಲ್ಲೆ ಗಂಟೆಗೆ 400–500 ಮಿಲಿಲೀಟರ್ ಮಂಜು ಮಾಡುತ್ತದೆ, ಹತ್ತಕ್ಕೆ ನಾಲ್ಕು ಲೀಟರಿಗೂ ಮೇಲೆ. ಮೂರರಲ್ಲೊಂದು ಪಾಲು ಸಮಯ ಓಡಿದರೂ ಕಡುಬೇಸಿಗೆ ಕಳೆಯುತ್ತದೆ. ಬಿಲ್ಲೆ ಸವೆದು ಅರ್ಧ ಶಕ್ತಿಗಿಳಿದಾಗಲೂ ಕೈಬಿಡುವುದಿಲ್ಲ. ಐದು-ಆರು ತಲೆಯದು ತಂದರೆ ಹೊಸತರಲ್ಲಿ ಸಾಕಾಗುತ್ತದೆ, ಬಿಲ್ಲೆ ಹಳತಾದ ಮೇಲೆ ಎಟುಕುವುದಿಲ್ಲ.

ಜೋಡಿಸುವ ರೀತಿ: ಮುಚ್ಚಳವಿರುವ ಟಬ್ಬು, ಅದರಲ್ಲಿ ತೇಲುವ ಅಥವಾ ಕೂರುವ ಮಿಸ್ಟ್ ಮೇಕರ್, ನೀರಿನ ಮಟ್ಟ ಕಾಯಲು ಒಂದು ಬಾಲ್‌ಕಾಕ್. ಬಿಲ್ಲೆಯ ಮೇಲೆ ಎರಡರಿಂದ ನಾಲ್ಕು ಸೆಂಟಿಮೀಟರ್ ನೀರಿರಬೇಕು. ಹೆಚ್ಚಾದರೆ ಮಂಜು ಏಳುವುದಿಲ್ಲ, ಕಡಿಮೆಯಾದರೆ ಬಿಲ್ಲೆ ಸುಡುತ್ತದೆ. ಮುಚ್ಚಳದ ಒಂದು ಬದಿಗೆ ಚಿಕ್ಕ 12 ವೋಲ್ಟ್ ಫ್ಯಾನು, ಇನ್ನೊಂದು ಬದಿಗೆ 110 ಮಿಲಿಮೀಟರಿನ ಪಿವಿಸಿ ಪೈಪು. ಪೈಪು ಟಬ್ಬಿನ ಕಡೆಗೇ ಸ್ವಲ್ಪ ಇಳಿಜಾರಾಗಿರಲಿ, ಒಳಗೆ ಸೇರಿದ ಹನಿಗಳು ವಾಪಸು ಟಬ್ಬಿಗೆ ಬರುತ್ತವೆ. ಇಳಿಜಾರು ಉಲ್ಟಾ ಆದರೆ ಪೈಪಿನ ಬಾಯಿಯಿಂದ ಕೆಳಗಿನ ಚೀಲದ ಮೇಲೆ ತೊಟ್ಟಿಕ್ಕಿ ಕಂದು ಕಲೆ ಬರುವುದು ಅಲ್ಲೇ ಮೊದಲು.

ಈ ಯಂತ್ರದ ಶತ್ರು ಬೋರ್‌ವೆಲ್ ನೀರು. ಅಲ್ಟ್ರಾಸಾನಿಕ್ ನೀರನ್ನು ಆವಿ ಮಾಡುವುದಿಲ್ಲ, ಪುಡಿ ಮಾಡುತ್ತದೆ ಅಷ್ಟೇ. ನೀರಿನಲ್ಲಿದ್ದ ಸುಣ್ಣವೂ ಮಂಜಿನ ಜೊತೆ ಹಾರಿ, ಹನಿ ಆರಿದ ಮೇಲೆ ಬಿಳಿ ಪುಡಿಯಾಗಿ ಟೋಪಿಗಳ ಮೇಲೆ, ಫ್ಯಾನಿನ ಮೇಲೆ, ಸೆನ್ಸರಿನ ಮೇಲೆ ಕೂರುತ್ತದೆ. ಬಿಲ್ಲೆಯ ಮೇಲೂ ಗಟ್ಟಿ ಪದರ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರು ಪುಣ್ಯವಂತರು, ಇಲ್ಲದವರು ಆರ್‌ಓ ನೀರು ಬಳಸಬೇಕು. ಆರ್‌ಓ ಬಿಸಾಡುವ ನೀರನ್ನು ಇದಕ್ಕೆ ಹಾಕುವ ಮಿತವ್ಯಯ ಬೇಡ, ಸುಣ್ಣವೆಲ್ಲ ಇರುವುದು ಅದರಲ್ಲೇ. ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಎರಡು ಚಮಚ ಸಿಟ್ರಿಕ್ ಆಮ್ಲ, ಅದೇ ನಿಂಬೆ ಉಪ್ಪು, ಕರಗಿಸಿದ ನೀರಿನಲ್ಲಿ ಬಿಲ್ಲೆಗಳನ್ನು ಅರ್ಧ ಗಂಟೆ ನೆನೆಸಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಬಿಡಿ ಬಿಲ್ಲೆಗಳು ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಯಂತ್ರ ಕೊಳ್ಳುವಾಗಲೇ ಅದರ ಅಳತೆಯ ಬಿಲ್ಲೆ ಸಿಗುತ್ತದೆಯೇ ಎಂದು ಕೇಳಿ, ಐದಾರು ಜೊತೆಗೇ ತನ್ನಿ.

ತೋಟದ ಅಂಗಡಿಯಲ್ಲಿ ಸಿಗುವ ನಾಲ್ಕು ಮುಖದ ಫಾಗರ್ ಅಗ್ಗ. 4 ಬಾರ್ ಒತ್ತಡದಲ್ಲಿ ಗಂಟೆಗೆ 28 ಲೀಟರ್ ನೀರು ಹೊಡೆಯುತ್ತದೆ. ನಮಗೆ ಬೇಕಾದದ್ದು ಒಂದೂಕಾಲು ಲೀಟರ್ ಚಿಲ್ಲರೆ! ಅಂದರೆ ಗಂಟೆಗೆ ಮೂರು ನಿಮಿಷ ಓಡಿದರೆ ಸಾಕು, ಅದೂ ಹತ್ತು ಹತ್ತು ಸೆಕೆಂಡಿನ ತುಂಡುಗಳಲ್ಲಿ. ನಿಮಿಷದ ಲೆಕ್ಕದ ಟೈಮರಿಗೆ ಇದು ಬಗ್ಗುವುದಿಲ್ಲ, ಸೆಕೆಂಡಿನ ಲೆಕ್ಕದ ಸೈಕ್ಲಿಕ್ ಟೈಮರ್ ಬೇಕು. ಮಾಳಿಗೆಯ ಟ್ಯಾಂಕಿನಿಂದ ನೇರವಾಗಿ ಸಂಪರ್ಕ ಕೊಟ್ಟರೆ ಫಾಗರ್ ಮಂಜು ಬಿಡುವುದಿಲ್ಲ, ಮೂಗು ಸೋರಿದಂತೆ ಸೋರುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಸಿಗುವುದೇ ಒಂದು ಬಾರ್. ಪಂಪು ಬೇಕೇ ಬೇಕು, ಜೊತೆಗೆ ಪಂಪು ನಿಂತ ಮೇಲೆ ಹನಿ ತಡೆಯುವ ವಾಲ್ವ್. ಹನಿ ದಪ್ಪವಾದ್ದರಿಂದ ಗಾಳಿಯಲ್ಲಿ ಕರಗುವ ಮೊದಲೇ ಕೆಳಗಿಳಿಯುತ್ತದೆ. ಫಾಗರನ್ನು ಚೀಲಗಳ ಮೇಲಲ್ಲ, ಓಡಾಡುವ ದಾರಿಯ ಮೇಲೆ ಕಟ್ಟಿ.

ಗೋಣಿ ಚೀಲವನ್ನು ಬಿಟ್ಟು ಮಾತು ಮುಗಿಸುವಂತಿಲ್ಲ. ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟು, ನೆಲಕ್ಕೆ ಮರಳು ಹರಡಿ, ದಿನಕ್ಕೆ ಮೂರು ಬಾರಿ ನೀರು ಚಿಮುಕಿಸುವ ಹಳೆಯ ಪದ್ಧತಿ ಮೂವತ್ತು-ನಲವತ್ತು ಚೀಲದ ಕೋಣೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಅದರ ಗುಣವೆಂದರೆ ಗಾಳಿ ಒಣಗಿದಷ್ಟೂ ಗೋಣಿ ಬೇಗ ಆರುತ್ತದೆ, ಗಾಳಿ ಒದ್ದೆಯಾದಂತೆ ತಾನೇ ನಿಧಾನವಾಗುತ್ತದೆ. ಯಾವ ಕಂಟ್ರೋಲರೂ ಇಷ್ಟು ಹದವಾಗಿ ಕೆಲಸ ಮಾಡದು. ಹೊಸ ಗಾಳಿ ಒಳಬರುವ ಕಿಂಡಿಗೇ ಗೋಣಿ ಕಟ್ಟಿದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸದಿದ್ದರೆ ಮಾತ್ರ ಆ ಗೋಣಿಯೇ ಬೂಷ್ಟಿನ ತವರಾಗುತ್ತದೆ.

ಉತ್ತರ ಕರ್ನಾಟಕದ ಬೇಸಿಗೆಗೆ ಇದೇ ತತ್ವದ ದೊಡ್ಡಣ್ಣ ಏರ್ ಕೂಲರ್. 38 ಡಿಗ್ರಿ, ಶೇಕಡಾ 20 ತೇವಾಂಶದ ಗಾಳಿ ಒದ್ದೆ ಪ್ಯಾಡಿನ ಮೂಲಕ ಹಾದರೆ 26–27 ಡಿಗ್ರಿಗೆ ಇಳಿಯುತ್ತದೆ, ತೇವವೂ ಸೇರುತ್ತದೆ, ಹೊಸ ಗಾಳಿಯೂ ಬರುತ್ತದೆ. ಫ್ಯಾನು, ಹ್ಯುಮಿಡಿಫೈಯರ್, ತಂಪು, ಮೂರೂ ಒಂದರಲ್ಲೇ. ಕೂಲರ್ ಕಿಟಕಿಯ ಹೊರಗಿರಬೇಕು. ಕೋಣೆಯೊಳಗೇ ಇಟ್ಟರೆ ಅದೇ ಗಾಳಿ ಸುತ್ತುತ್ತದೆ, ತಂಪೂ ಇಲ್ಲ, ಹೊಸ ಗಾಳಿಯೂ ಇಲ್ಲ. ಮಂಗಳೂರು, ಉಡುಪಿಯವರು ಕೂಲರಿಗೆ ದುಡ್ಡು ಹಾಕಬೇಡಿ. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ಪ್ಯಾಡಿನ ನೀರು ಆರಲು ಜಾಗವೇ ಇಲ್ಲ. ಅಲ್ಲಿ ಬಿರುಬೇಸಿಗೆಗೆ ತಳಿ ಬದಲಿಸುವುದೇ ಜಾಣತನ: 30–35 ಡಿಗ್ರಿಯಲ್ಲಿ ಬರುವ ಹಾಲು ಅಣಬೆ. ಚಿಪ್ಪು, ಹಾಲು ಎರಡೂ ಅಣಬೆಗಳ ಬೀಜವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಣಬೆ ವಿಭಾಗದಲ್ಲಿ ವಿಚಾರಿಸಬಹುದು.

ಮೀಟರು, ಕಂಟ್ರೋಲರು

ಎಚ್‌ಟಿಸಿ-1 ಎಂಬ ಗಡಿಯಾರದಂಥ ಅಗ್ಗದ ಮೀಟರ್ ಎಲ್ಲ ಅಣಬೆ ಕೋಣೆಯಲ್ಲೂ ಕಾಣುತ್ತದೆ. ತೇವಾಂಶದಲ್ಲಿ ಶೇಕಡಾ 5 ಹೆಚ್ಚು-ಕಡಿಮೆ ಎಂದು ತಯಾರಕರೇ ಹೇಳುತ್ತಾರೆ. 85 ಎಂದು ತೋರಿಸಿದರೆ 80 ಇರಬಹುದು, 90 ಇರಬಹುದು. ಎರಡಕ್ಕೂ ಅಣಬೆಯ ಮಟ್ಟಿಗೆ ಅಜಗಜಾಂತರ. ಮನೆಯ ಉಪ್ಪಿನಿಂದಲೇ ಇದನ್ನು ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟೇ ನೀರು ಹಾಕಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಮುಚ್ಚಿ ಎಂಟು-ಹತ್ತು ಗಂಟೆ ನೆರಳಿನಲ್ಲಿಡಿ. ಒಳಗಿನ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ. ಮೀಟರ್ 69 ತೋರಿಸಿದರೆ ಆರು ಕೂಡಿಸಿಕೊಂಡು ಓದಿ. ಉಪ್ಪು ಪೂರ್ತಿ ಕರಗಿ ನೀರಾದರೆ ಪರೀಕ್ಷೆ ಕೆಟ್ಟಿತು.

ಇದಕ್ಕಿಂತ ನಂಬಿಕೆಯ ಸಾಧನ ಎರಡು ಗಾಜಿನ ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬತ್ತಿ. ಒಣಗಿದ್ದು 25, ಒದ್ದೆಯದು 23 ತೋರಿಸಿದರೆ ತೇವಾಂಶ ಶೇಕಡಾ 84. ಒಂದೇ ಡಿಗ್ರಿ ವ್ಯತ್ಯಾಸವಿದ್ದರೆ 92, ಮೂರಿದ್ದರೆ 77. ಬ್ಯಾಟರಿಯಿಲ್ಲ, ಕೆಡುವ ಸೆನ್ಸರಿಲ್ಲ. ಬತ್ತಿ ಶುದ್ಧವಾಗಿರಬೇಕು, ಅದರ ಮೇಲೆ ಸ್ವಲ್ಪ ಗಾಳಿಯಾಡಬೇಕು, ಅಷ್ಟೇ.

ಎಸ್‌ಟಿಸಿ-3028 ಎಂಬ ಕಂಟ್ರೋಲರ್ ಒಂದೇ ಪೆಟ್ಟಿಗೆಯಲ್ಲಿ ಬಿಸಿಗೊಂದು, ತೇವಕ್ಕೊಂದು ರಿಲೇ, ಅಂದರೆ ತಾನಾಗಿ ಹಾಕಿ ಆರಿಸುವ ಸ್ವಿಚ್ಚು, ಕೊಡುತ್ತದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ತೇವ 83ಕ್ಕೆ ಇಳಿದರೆ ಶುರು, 90ಕ್ಕೆ ನಿಲ್ಲು ಎಂದು ಹೊಂದಿಸಿ. ಎರಡರ ನಡುವೆ ಅಂತರ ಒಂದೆರಡೇ ಇಟ್ಟರೆ ರಿಲೇ ಗಡಿಬಿಡಿಯಲ್ಲಿ ಟಿಕ್ ಟಿಕ್ ಎನ್ನುತ್ತಾ ಬೇಗ ಸವೆಯುತ್ತದೆ. ರಿಲೇಗೆ 10 ಆಂಪಿಯರ್ ಎಂದು ಬರೆದಿದ್ದರೂ ಪಂಪು, ದೊಡ್ಡ ಫ್ಯಾನುಗಳನ್ನು ನೇರವಾಗಿ ಅದಕ್ಕೆ ಕೊಡಬೇಡಿ. ಮೋಟಾರ್ ಶುರುವಾಗುವಾಗಿನ ಎಳೆತಕ್ಕೆ ರಿಲೇಯ ತುದಿಗಳು ಬೆಸೆದುಕೊಂಡರೆ ಪಂಪು ನಿಲ್ಲುವುದೇ ಇಲ್ಲ. ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ಮೋಟಾರಿನ ಎಳೆತ ತಾಳುವ ದೊಡ್ಡ ರಿಲೇ, ಹಾಕಿ. ಸೆನ್ಸರಿನ ಜಾಗ ಮಂಜಿನ ಪೈಪಿನಿಂದ ದೂರ, ಕೋಣೆಯ ನಡುವೆ, ಚೀಲಗಳ ಎತ್ತರದಲ್ಲಿ. ಸೆನ್ಸರಿಗೆ ನೇರ ಮಂಜು ತಾಗಿದರೆ ಅದು 99ಕ್ಕೆ ಏರಿ ಗಂಟೆಗಟ್ಟಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮಂಜಿನ ಯಂತ್ರ ಓಡುವುದಿಲ್ಲ, ಕೋಣೆ ಸುಮ್ಮನೆ ಒಣಗುತ್ತದೆ.

ಫ್ಯಾನನ್ನು ತೇವದ ಕಂಟ್ರೋಲರಿಗೆ ಕಟ್ಟುವುದು ಸಾಮಾನ್ಯ ತಪ್ಪು. ಅಣಬೆಗೆ ಗಾಳಿ ಬೇಕಾಗುವುದು ತೇವ ಹೆಚ್ಚಾಯಿತೆಂದಲ್ಲ. ಫ್ಯಾನು ಟೈಮರಿನ ಮೇಲೆ, ಮಂಜು ಕಂಟ್ರೋಲರಿನ ಮೇಲೆ, ಎರಡಕ್ಕೂ ಸಂಬಂಧವಿಲ್ಲದಂತೆ ಇರಲಿ. ಬಲೆ, ಫಿಲ್ಟರ್ ಎಲ್ಲ ಕಳೆದು ಗಂಟೆಗೆ 300 ಘನ ಮೀಟರ್ ಕೊಡುವ ಫ್ಯಾನಾದರೆ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ, ಅದನ್ನೂ ಐದೈದು ನಿಮಿಷದ ಮೂರು ಕಂತಿನಲ್ಲಿ ಓಡಿಸಿದರೆ ತೇವದ ಏರಿಳಿತ ಕಡಿಮೆ.

ಸ್ವಿಚ್ ಬೋರ್ಡು, ಕಂಟ್ರೋಲರು ಕೋಣೆಯ ಹೊರಗಿರಲಿ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು), ಗಟ್ಟಿ ಅರ್ಥಿಂಗ್. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡುವ ಜಾಗ ಇದು, ಇದರಲ್ಲಿ ಉಳಿತಾಯ ಬೇಡ.

ಮಳೆಗಾಲದ ಮಾತು

ಮಲೆನಾಡಿನ ಜುಲೈ. ಹೊರಗೆ 22 ಡಿಗ್ರಿ, ಶೇಕಡಾ 95. ಮಂಜಿನ ಯಂತ್ರ ಪೆಟ್ಟಿಗೆ ಸೇರಿತು. ಈಗ ಟೋಪಿಗಳ ಮೇಲೆ ಕಂದು ಕಲೆ. ಫ್ಯಾನು ಎಷ್ಟು ಓಡಿಸಿದರೂ ತೇವ ಇಳಿಯದು, ಒಳಗೆ ಬರುವ ಗಾಳಿಯೇ ಒದ್ದೆ. ಡಿಹ್ಯುಮಿಡಿಫೈಯರ್ ಕೊಳ್ಳಲು ಓಡಬೇಕಿಲ್ಲ. ಒಳಬರುವ ಗಾಳಿಯನ್ನು ಎರಡೇ ಡಿಗ್ರಿ ಬಿಸಿ ಮಾಡಿ 24ಕ್ಕೆ ತಂದರೆ ಅದೇ ನೀರಾವಿ ಇದ್ದರೂ ತೇವಾಂಶ 85ಕ್ಕೆ ಇಳಿಯುತ್ತದೆ. ಗಂಟೆಗೆ 150 ಘನ ಮೀಟರ್ ಗಾಳಿಯನ್ನು ಎರಡು ಡಿಗ್ರಿ ಏರಿಸಲು ಬೇಕಾದ ಶಾಖ ನೂರು ವ್ಯಾಟ್. ಫ್ಯಾನಿನ ಮುಂದೆ ತಗಡಿನ ಡಬ್ಬದಲ್ಲಿ ಹಳೆಯ ಕಾಲದ ನೂರು ವ್ಯಾಟಿನ ಬುರುಡೆ ಬಲ್ಬು ಕೂರಿಸಿದರೆ ಆಯಿತು. ಬಲ್ಬು ಫ್ಯಾನು ನಿಂತ ಕೂಡಲೇ ಆರುವಂತಿರಲಿ, ಗಾಳಿ ನಿಂತಾಗ ಅದೊಂದೇ ಉರಿಯಬಾರದು. ಬಲ್ಬು ಪಾಲಿಥೀನ್ ಕೊಳವೆಗೆ ತಾಗದಂತೆ ನಡುವೆ ಎರಡಡಿ ತಗಡಿನ ಪೈಪು ಬೇಕು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ಅದರ ಗುಣವೇ ಇಲ್ಲಿ ದೋಷ.

ಮಳೆಗಾಲದಲ್ಲಿ ಕರೆಂಟು ಹೋಗುವುದೂ ಹೆಚ್ಚು. ಇನ್ವರ್ಟರಿಗೆ ಮಂಜಿನ ಯಂತ್ರ ಜೋಡಿಸುವವರಿದ್ದಾರೆ. ಹತ್ತು ತಲೆಯದು 250 ವ್ಯಾಟಿನಷ್ಟು ಎಳೆದು ಬ್ಯಾಟರಿ ಬರಿದು ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ತೇವ ಎಲ್ಲಿಗೂ ಓಡಿಹೋಗುವುದಿಲ್ಲ. ಏರುತ್ತಾ ಹೋಗುವುದು ಇಂಗಾಲದ ಡೈಆಕ್ಸೈಡ್. ಇನ್ವರ್ಟರಿನ ಲೈನಿಗೆ ಸೇರಬೇಕಾದದ್ದು 40 ವ್ಯಾಟಿನ ಫ್ಯಾನು ಮತ್ತು ಅದರ ಟೈಮರು, ಬಲ್ಬಿಗೆ ಮಾತ್ರ ಇನ್ವರ್ಟರಿನ ಕರೆಂಟು ಬೇಡ, ಆದರೂ ಫ್ಯಾನು ನಿಂತಾಗ ಅದೂ ಆರುವಂತೆಯೇ ಇರಬೇಕು. 150 ಎಎಚ್ ಬ್ಯಾಟರಿ ಅಷ್ಟನ್ನೇ ಹೊತ್ತರೆ ಇಡೀ ರಾತ್ರಿ ಸಾಗುತ್ತದೆ.